ತುಂಬಿ ಬಂದ ಡಬ್ಬಿಗಳು

ಉಮಾನಾಥ ಮಾವನವರು ಜೆರಾರ್ಡ್ ಬೀದಿಯ ಇಂಡಿಯಾ ಬಜಾರಿನಲ್ಲಿ ಮೂರು ಸಲ ಅಂಗಡಿ ತೆರೆದು ಮೂರು ಸಲವೂ ಮುಚ್ಚಿದವರು. ಹಾಗಾಗಿ ಒಂದೇ ಅಂಗಡಿ ಇಟ್ಟುಕೊಂಡು ಹಾಯಾಗಿ ಕೂತವರಿಗಿಂತ ತಮ್ಮ ಅನುಭವ ಮೂರು ಪಟ್ಟು ಹೆಚ್ಚು ಎಂಬುದು ಅವರದೇ ತೀರ್ಮಾನ. ಟೊರಾಂಟೊ ಸುತ್ತಮುತ್ತ ಯಾವ ತುಳುವರ ಮನೆಯ ಹುಡುಗ ಹುಡುಗಿಗೆ ಸ್ವಂತ ಉದ್ಯೋಗದ ಆಸೆ ಹುಟ್ಟಿದರೂ ಅದು ಹೇಗೋ ಅವರ ಕಿವಿಗೆ ಬೀಳುತ್ತಿತ್ತು. ಬಂದು ಕಾಫಿ ಕುಡಿದು, ಸಲಹೆ ಕೊಟ್ಟು, ಇನ್ನೊಂದು ಕಾಫಿ ಕುಡಿದು ಹೋಗುತ್ತಿದ್ದರು. ಶರ್ಮಿಳಾ ಮನೆಮನೆಗೆ ರಾತ್ರಿಯ ಊಟ ಕಳಿಸುವ ವ್ಯಾಪಾರ ಶುರುಮಾಡುತ್ತಾಳಂತೆ ಎಂದು ತಿಳಿದದ್ದೇ ತಡ, ಟೊರಾಂಟೊ ಪಕ್ಕದ ಮಾರ್ಕಮಿನಲ್ಲಿದ್ದ ಅವಳ ಬೇಸ್‌ಮೆಂಟಿಗೆ ಇಳಿದುಬಂದು ಸೋಫಾದ ನಟ್ಟನಡುವೆ ಕೂತರು.

ಶರ್ಮಿಳಾಳಿಗೂ ಸಲಹೆ ಬೇಕಾಗಿತ್ತು. ಕಾಪುವಿನಿಂದ ಮದುವೆಯಾಗಿ ಬಂದವಳು ಇಲ್ಲಿ ಮಾಡಿದ್ದು ಒಂದೇ ಕೆಲಸ, ಹೆದ್ದಾರಿ ಪಕ್ಕದ ಡೋನಟ್ ಅಂಗಡಿಯಲ್ಲಿ ಬೆಳಗಿನ ಶಿಫ್ಟು. ಅಲ್ಲಿಯ ಮ್ಯಾನೇಜರನಿಗೆ ಶರ್ಮಿಳಾ ಎನ್ನುವಷ್ಟು ಪುರುಸೊತ್ತಿರಲಿಲ್ಲ. ‘ಶರ್ಲಿ’ ಎಂಬ ಹೆಸರಿನ ಪಟ್ಟಿಯೊಂದನ್ನು ಅವಳ ಅಂಗಿಗೆ ಚುಚ್ಚಿಸಿ ಕೌಂಟರಿಗೆ ನಿಲ್ಲಿಸಿದ. ಒಂದು ದಿನ ಗಂಡ ಅಕ್ಷತ್ ಮನೆಯಲ್ಲಿ ತಮಾಷೆಗೆ ಶರ್ಲಿ ಎಂದು ಕೂಗಿದ. ಇವಳು ಒಳಗಿನಿಂದ ಓಗೊಟ್ಟೇಬಿಟ್ಟಳು. ಓಗೊಟ್ಟ ಮೇಲೆ ಬಚ್ಚಲಿಗೆ ಹೋಗಿ ಅತ್ತಳು. ಇನ್ನು ಸತ್ತರೂ ಶರ್ಲಿಯಾಗುವುದಿಲ್ಲ ಎಂದು ಕೆಲಸ ಬಿಟ್ಟಳು. “ಆಯ್ತು ಮಾರಾಯ್ತಿ, ಈ ಚಳಿಗಾಲ ಮುಗಿಯುವವರೆಗೆ ನೋಡುವ. ಆಗದಿದ್ರೆ ಪುನಃ ಡೋನಟ್,” ಎಂದ ಅಕ್ಷತ್. ಅವನ ಗೋದಾಮಿನ ಸಂಬಳವೊಂದರಲ್ಲೇ ಬದುಕು ಸಾಗುವಂತಿರಲಿಲ್ಲ.

“ನಗಬೇಡ,” ಎಂದು ಶುರುಮಾಡಿದರು ಮಾವ. “ನಗುವವರ ಹತ್ರ ಜನ ಡಿಸ್ಕೌಂಟ್ ಕೇಳ್ತಾರೆ. ಗಂಡನನ್ನು ಅಡುಗೆಮನೆಗೆ ಬಿಡಬೇಡ, ಲಾಭ ಎಲ್ಲ ಅವನ ಹೊಟ್ಟೆಗೆ ಹೋಗ್ತದೆ. ಮತ್ತೆ, ಊಟವನ್ನು ಎಂತದ್ರಲ್ಲಿ ಕಳಿಸ್ತಿ?”

“ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾವ. ತಿಂದು ಬಿಸಾಡಬಹುದಲ್ಲ.”

ಉಮಾನಾಥರು ಕಣ್ಣು ಮುಚ್ಚಿಕೊಂಡರು, ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ. “ಡಬ್ಬಿ ಬಿಸಾಡಿದವ ನಿನ್ನನ್ನೂ ಬಿಸಾಡ್ತಾನೆ. ಸ್ಟೀಲ್ ಡಬ್ಬಿ ಕೊಡು. ಅದನ್ನು ವಾಪಸು ಕೊಡ್ಲಿಕ್ಕಾದ್ರೂ ಅವ ನಾಳೆ ಬಾಗಿಲು ತೆಗಿಬೇಕು. ಬಾಗಿಲು ತೆಗೆದವ ಇನ್ನೊಂದು ಡಬ್ಬಿ ತಗೊಳ್ಳದೆ ಇರ್ತಾನಾ?”

ಮಾತು ಬಹಳ ಸರಿಯೆನಿಸಿತು. ಶರ್ಮಿಳಾ ಜೆರಾರ್ಡ್ ಬೀದಿಗೆ ಹೋಗಿ ಫಳಫಳ ಹೊಳೆಯುವ ಸ್ಟೀಲ್ ಡಬ್ಬಿಗಳನ್ನು ತಂದಳು.

ಅದು ತೊಂಬತ್ತೆಂಟನೆಯ ಇಸವಿ. ಎರಡು ಸಾವಿರ ಬಂದ ಕೂಡಲೇ ಲೋಕದ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಹೆದರಿ, ಮಾರ್ಕಮಿನ ಕಂಪನಿಗಳು ಬೆಂಗಳೂರು ಮೈಸೂರಿನ ಗಂಡಹೆಂಡಿರನ್ನು ಕತ್ತಲಾಗುವ ತನಕ ದುಡಿಸುತ್ತಿದ್ದವು. ಮನೆಗೆ ಬಂದು ಒಲೆ ಹಚ್ಚಲು ಅವರಿಗೆ ತ್ರಾಣವಿರಲಿಲ್ಲ. ಶರ್ಮಿಳಾಳ ಸಾರು, ಪಲ್ಯ, ಬಿಸಿ ಅನ್ನ ಬಾಗಿಲಿಗೇ ಬಂದಾಗ ದೇವರೇ ಬಂದಷ್ಟು ಖುಷಿಪಟ್ಟರು. ಹತ್ತಿರದ ಬೀದಿಗಳಲ್ಲೆಲ್ಲ ಅವಳ ಡಬ್ಬಿ ಓಡಾಡತೊಡಗಿತು.

ಮೊದಲ ಡಬ್ಬಿ ವಾಪಸು ಬಂದದ್ದು ಶೈಲಜಾ ಅವರ ಮನೆಯಿಂದ. ಶೈಲಜಾ ಮೈಸೂರಿನವರು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇವರ ಕೈಕೆಳಗೆ ಬಹಳ ಜನ. ಮನೆಗೆ ತಂದು ಮುಚ್ಚಳ ತೆಗೆದರೆ ಡಬ್ಬಿಯೊಳಗೆ ಎರಡು ರವೆ ಉಂಡೆ. ಶರ್ಮಿಳಾಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಕೊಡುವ ಹೆಂಗಸು ಅವಳ ಅಮ್ಮನ ಕಡೆಯೂ ಇರಲಿಲ್ಲ, ಅತ್ತೆಯ ಕಡೆಯೂ ಇರಲಿಲ್ಲ. ಆಮೇಲೆ ಇನ್ನೊಬ್ಬ ಗಿರಾಕಿ ಮುರಿಗೆಪ್ಪನವರ ಮನೆಯಿಂದ ಶೇಂಗಾ ಹೋಳಿಗೆ ಬಂತು. ಇನ್ನೊಂದು ಮನೆಯಿಂದ ಪುಳಿಯೋಗರೆ ಗೊಜ್ಜು. ಅಕ್ಷತ್ ಗೋದಾಮಿನಿಂದ ಬಂದವನು ಕೈಕಾಲು ತೊಳೆಯದೆ ಡಬ್ಬಿಗಳ ಮುಂದೆ ಕೂರುತ್ತಿದ್ದ. ಬೆಲ್ಟಿಗೆ ಹೊಸ ತೂತು ಕೊರೆದ. “ಇಂಥ ಬಿಸಿನೆಸ್ ಲೋಕದಲ್ಲಿ ಬೇರೆ ಇಲ್ಲ,” ಎನ್ನುತ್ತಿದ್ದ.

ಶರ್ಮಿಳಾ ಮಾಡಿದ ತಪ್ಪು ಒಂದೇ. “ಮುರಿಗೆಪ್ಪನವ್ರ ಮನೆಯಿಂದ ಏನು ಬರತ್ತಮ್ಮ?” ಎಂದು ಶೈಲಜಾ ಬಾಗಿಲಲ್ಲಿ ಸುಮ್ಮನೆ ಕೇಳಿದಾಗ ಹೋಳಿಗೆಯ ವಿಷಯವನ್ನು ಹಾಗೆಯೇ ಹೇಳಿಬಿಟ್ಟಳು. ಮರುದಿನ ಶೈಲಜಾರ ಡಬ್ಬಿಯಲ್ಲಿ ಬಾದಾಮಿ ಬರ್ಫಿ. ಅದು ಮುರಿಗೆಪ್ಪನವರ ಹೆಂಡತಿಗೆ ಹೇಗೆ ಗೊತ್ತಾಯಿತೋ, ಅವರ ಡಬ್ಬಿಯಲ್ಲಿ ಕರ್ಚಿಕಾಯಿ. ಆಮೇಲೆ ಊರಿಗೆ ಊರೇ ಹುಚ್ಚೆದ್ದಿತು.

ಸಂಕ್ರಾಂತಿ ಕಳೆದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಜಾರತೊಡಗಿದರು. ಒಬ್ಬರಿಗೆ ಡಾಕ್ಟರು ಹೊರಗಿನ ಊಟ ಬೇಡವೆಂದಿದ್ದರಂತೆ. ಇನ್ನೊಬ್ಬರ ಅತ್ತೆ ಇಂಡಿಯಾದಿಂದ ಬರುತ್ತಿದ್ದರಂತೆ. ಎಲ್ಲರೂ ಊಟವನ್ನು ಬಾಯ್ತುಂಬ ಹೊಗಳಿಯೇ ಬೇಡವೆಂದರು. ಶರ್ಮಿಳಾ ಸಾರನ್ನು ಹತ್ತು ಸಲ ರುಚಿ ನೋಡಿದಳು. ಉಪ್ಪು ಸರಿಯಿತ್ತು, ಹುಳಿ ಸರಿಯಿತ್ತು. ಹಾಗಾದರೆ ತನ್ನ ಕೈಯಲ್ಲೇ ಏನೋ ಕೆಟ್ಟಿದೆ ಎಂದುಕೊಂಡಳು.

ಉಮಾನಾಥ ಮಾವ ಬಂದು ಕಾಫಿ ಕುಡಿದರು. “ಐಟಂ ಹೆಚ್ಚು ಮಾಡು,” ಎಂದರು. ಅವಳು ಕೋಸಂಬರಿ ಸೇರಿಸಿದಳು, ಪಾಯಸ ಸೇರಿಸಿದಳು. ಗಿರಾಕಿಗಳು ಇನ್ನೂ ಬೇಗ ಬಿಟ್ಟುಹೋದರು. “ಹಾಗಾದ್ರೆ ಪ್ಲಾಸ್ಟಿಕ್ಕೇ ಕೊಡು, ನಾನು ಮೊದಲೇ ಹೇಳ್ಲಿಕ್ಕಿದ್ದೆ,” ಎಂದರು ಮಾವ, ಮುಖದಲ್ಲಿ ಎಳ್ಳಷ್ಟೂ ನಾಚಿಕೆಯಿಲ್ಲದೆ. ಅವಳು ಪ್ಲಾಸ್ಟಿಕ್ಕಿನಲ್ಲಿ ಕಳಿಸಿದಳು. ಬಿಸಾಡಿ ಎಂದು ಮುಚ್ಚಳದ ಮೇಲೆ ಬರೆದೂ ಕಳಿಸಿದಳು. ಮೊಸರಿನ ಪ್ಲಾಸ್ಟಿಕ್ ಡಬ್ಬಿಯನ್ನೇ ತೊಳೆದು ಒಣಗಿಸಿ ಕಪಾಟು ತುಂಬಿಟ್ಟುಕೊಳ್ಳುವ ಜನ ಡಬ್ಬಿ ಬಿಸಾಡುವುದುಂಟೇ? ತೊಳೆದು, ಒರೆಸಿ, ಒಳಗೆ ಚಕ್ಕುಲಿ ತುಂಬಿಸಿ ವಾಪಸು ಕೊಟ್ಟರು. ಅವಳು ಮತ್ತೆ ಸ್ಟೀಲಿಗೇ ಬಂದಳು.

ಕೊನೆಗೆ ಶೈಲಜಾ ಅವರೂ ಫೋನು ಮಾಡಿ ನಾಳೆಯಿಂದ ಊಟ ಬೇಡವೆಂದರು. ಶರ್ಮಿಳಾ ಫೋನಿಟ್ಟಳು. ಡೋನಟ್ ಅಂಗಡಿಯ ಕಂದು ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಮಾಡಿದಳು. ಅಕ್ಷತ್ ನೋಡಿಯೂ ನೋಡದವನಂತೆ ಬರ್ಫಿ ತಿಂದ.

ಮರುದಿನ ಸಂಜೆ ಉಳಿದ ಡಬ್ಬಿಯನ್ನು ತರಲು ಶೈಲಜಾರ ಮನೆಗೆ ಹೋದಳು. ಬಾಗಿಲು ತೆರೆದದ್ದು ಅವರ ಮಗಳು ನಿಧಿ. “ಮಾಮ್ ಕಿಚನ್ನಲ್ಲಿ ಇದಾಳೆ. ಶೀ ಈಸ್ ವೆರಿ ಅಪ್‌ಸೆಟ್,” ಎಂದು ಮೇಲೆ ಓಡಿದಳು.

ಶೈಲಜಾ ಇನ್ನೂ ಆಫೀಸಿನ ಬಟ್ಟೆಯಲ್ಲೇ ಇದ್ದರು. ಕೊರಳಿನ ಐಡಿ ಕಾರ್ಡು ಎಣ್ಣೆಗೆ ಬೀಳದಂತೆ ಅದನ್ನು ಬೆನ್ನ ಮೇಲೆ ಎಸೆದುಕೊಂಡು ಕೋಡುಬಳೆ ಕರಿಯುತ್ತಿದ್ದರು. ಪಕ್ಕದಲ್ಲಿ ಶರ್ಮಿಳಾಳ ಡಬ್ಬಿ ಬಾಯಿ ತೆರೆದುಕೊಂಡಿತ್ತು.

“ಇವತ್ತೇ ಬಂದುಬಿಟ್ಯಾ? ಕೂತ್ಕೊಳಮ್ಮ, ಇನ್ನೊಂದು ಒಬ್ಬೆ ಅಷ್ಟೆ.”

“ಇದೆಲ್ಲ ಯಾರಿಗೆ ಶೈಲಕ್ಕ?”

“ಇನ್ಯಾರಿಗೆ, ನಿನ್ನ ಡಬ್ಬಿಗೆ.” ಶೈಲಜಾ ಒಲೆ ಸಣ್ಣ ಮಾಡಿದರು. “ನಿಜ ಹೇಳಿಬಿಡ್ತೀನಿ ಕಣಮ್ಮ. ನಿನ್ನ ಊಟಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ನಿನ್ನ ಡಬ್ಬಿ ನೋಡಿದ್ರೆ ನಂಗೆ ಕೈಕಾಲು ನಡುಗತ್ತೆ. ಆಫೀಸಿಂದ ಬಂದು ನೀನು ಕಳಿಸಿದ್ದು ಊಟ ಮಾಡಿ, ನಾಳೆ ಡಬ್ಬಿಗೆ ಏನು ಹಾಕ್ಲಿ ಅಂತ ಒಲೆ ಹಚ್ತೀನಿ. ಮುಂಚೆ ಬರೀ ಅನ್ನ ಸಾರಲ್ಲಿ ಮುಗೀತಿತ್ತು. ನೀನು ಬಂದ್ಮೇಲೆ ಈ ಮನೇಲಿ ದಿನಾ ಹಬ್ಬ.”

ಶರ್ಮಿಳಾಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ತನ್ನ ಕೈ ಕೆಟ್ಟಿರಲಿಲ್ಲ. ಅಷ್ಟು ಸಾಕಾಗಿತ್ತು.

“ಒಲೆ ಆರಿಸಿ ಅಕ್ಕ. ಡಬ್ಬಿ ಖಾಲಿಯೇ ಕೊಡಿ. ನನಗೆ ಎಂತದೂ ಬೇಡ.”

“ಬಿಡ್ತು ಅನ್ನು. ಶುಕ್ರವಾರ ಸಂಜೆ ಖಾಲಿ ಡಬ್ಬಿನಾ?”

ಆದರೂ ಶೈಲಜಾ ಪ್ರಯತ್ನಪಟ್ಟರು. ಡಬ್ಬಿಗೆ ಮುಚ್ಚಳ ಹಾಕಿ ಮುಂದೆ ಚಾಚಿದರು. ಶರ್ಮಿಳಾ ಹಿಡಿದಳು. ಶೈಲಜಾರ ಬೆರಳು ಬಿಡಲೊಲ್ಲವು. ಇವಳು ಎಳೆದಳು, ಅವರೂ ಎಳೆದರು. ಇಬ್ಬರೂ ಸ್ಟವ್ವಿನಿಂದ ಫ್ರಿಜ್ಜಿನವರೆಗೆ ಹೋಗಿ ಬಂದರು. “ಆಗಲ್ಲ ಕಣೆ,” ಎಂದರು ಶೈಲಜಾ, ಸೋತು.

ಶರ್ಮಿಳಾ ಸುತ್ತ ನೋಡಿದಳು. ಕಪಾಟಿನಲ್ಲಿ ಸಕ್ಕರೆಯ ಡಬ್ಬವಿತ್ತು. ಒಂದು ಚಮಚ ಸಕ್ಕರೆ ತೆಗೆದು ತನ್ನ ಡಬ್ಬಿಗೆ ಸುರಿದಳು.

“ಬರೀ ಸಕ್ಕರೆನಾ?” ಶೈಲಜಾ ಹೌಹಾರಿದರು. “ಮುರಿಗೆಪ್ಪನವ್ರು ಹೋಳಿಗೆ ಕೊಡುವಾಗ ನಾನು ಸಕ್ಕರೆ ಕೊಡ್ಲಾ?”

“ಅವರೂ ಇನ್ನು ಕೊಡುವ ಹಾಗಿಲ್ಲ. ಸೋಮವಾರದಿಂದ ಪ್ರತಿ ಡಬ್ಬಿಯ ಜೊತೆ ಕಲ್ಲುಸಕ್ಕರೆಯ ಒಂದು ಪೊಟ್ಟಣ ನಾನೇ ಕಳಿಸ್ತೇನೆ. ಡಬ್ಬಿ ತೊಳೆದು ಅದನ್ನೇ ಒಳಗೆ ಹಾಕಿ ಕೊಡ್ಬೇಕು. ಎಲ್ಲರೂ ಅಷ್ಟೇ. ಕಂಪನಿ ಪಾಲಿಸಿ.”

“ಪಾಲಿಸಿ” ಎಂಬ ಮಾತು ಕಿವಿಗೆ ಬಿದ್ದದ್ದೇ ಶೈಲಜಾರ ಬೆನ್ನು ನೆಟ್ಟಗಾಯಿತು. ಹಗಲೆಲ್ಲ ಅವರು ಬೇರೆಯವರಿಗೆ ಹೇಳುವ ಮಾತದು. “ಪಾಲಿಸಿ ಅಂದ್ಮೇಲೆ ಏನು ಮಾಡಕ್ಕಾಗತ್ತೆ,” ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಶರ್ಮಿಳಾಳಿಗೆ ಕೊಟ್ಟರು. ಈ ಸಲ ಬೆರಳು ಸಲೀಸಾಗಿ ಬಿಟ್ಟವು. ಒಲೆ ಆರಿಸಿ, ಅಲ್ಲೇ ಕುರ್ಚಿಯ ಮೇಲೆ ಕುಸಿದು, ಸೋಮವಾರ ಏನು ಸಾರು ಎಂದು ಕೇಳಿದರು.

ಶರ್ಮಿಳಾ ಆ ಶನಿವಾರ ಬಿಟ್ಟುಹೋದ ಮನೆಗಳಿಗೆಲ್ಲ ಫೋನು ಮಾಡಿ ಪಾಲಿಸಿ ತಿಳಿಸಿದಳು. ಡಾಕ್ಟರು ಬೇಡವೆಂದವರಿಗೆ ಡಾಕ್ಟರೇ ಬೇಕೆಂದರು. ಬರಲಿದ್ದ ಅತ್ತೆಗೆ ವೀಸಾ ಸಿಗಲಿಲ್ಲ. ಪೊಟ್ಟಣಗಳು ಹೋದವು, ಬಂದವು, ಮತ್ತೆ ಹೋದವು. ಯಾರೂ ಬಿಚ್ಚಲಿಲ್ಲ. ಅಕ್ಷತ್ ಒಂದು ವಾರ ಮುಖ ಊದಿಸಿಕೊಂಡಿದ್ದು ಬಿಟ್ಟರೆ ಎಲ್ಲರಿಗೂ ಸುಖವಾಯಿತು. ಕಂದು ಅಂಗಿ ಒಲೆ ಒರೆಸುವ ಬಟ್ಟೆಯಾಯಿತು.

ಹಿಮ ಕರಗುವ ಹೊತ್ತಿಗೆ ಒಂದು ಸಂಜೆ, ಶೈಲಜಾರ ಮನೆಯಿಂದ ತಂದ ಡಬ್ಬಿ ಕಾರಿನೊಳಗೆ ಲೊಟಲೊಟ ಸದ್ದು ಮಾಡಿತು. ಶರ್ಮಿಳಾ ಮುಂದಿನ ಮನೆಯ ಮುಂದೆ ಕಾರು ನಿಲ್ಲಿಸಿ ತೆರೆದು ನೋಡಿದಳು. ಪೊಟ್ಟಣದ ಪಕ್ಕ ಒಂದೇ ಒಂದು ಕೋಡುಬಳೆ. ಅದರ ಜೊತೆಗೆ ಮಡಿಸಿದ ಚೀಟಿ: “ಪಾಲಿಸಿ ಗೊತ್ತು. ಮನಸ್ಸು ತಡೀಲಿಲ್ಲ.” ಅವಳ ಕಣ್ಣು ತುಂಬಿತು. ಮತ್ತೆ ಶುರುವಾಯಿತಲ್ಲ ಎಂದು ಹೆದರಿಕೆಯೂ ಆಯಿತು. ಕೋಡುಬಳೆಯನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಮುರಿಗೆಪ್ಪನವರ ಮನೆಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಮುರಿಗೆಪ್ಪನವರ ಹೆಂಡತಿ ಅವಳ ಮುಖವನ್ನೇ ನೋಡಿದರು. “ಶೈಲಜಾ ಅವರ ಮನಿಯಿಂದ ಈಗ ಏನ್ ಬರ್ತೈತಿವಾ?”

“ಬರೀ ಕಲ್ಲುಸಕ್ಕರೆ,” ಎಂದಳು ಶರ್ಮಿಳಾ, ಕೋಡುಬಳೆಯನ್ನು ಕಷ್ಟಪಟ್ಟು ನುಂಗಿ.