ಗೋಡೆಯಾಚೆಯ ಹುಳುಮನೆ

ನಾನು ಮದುವೆಯಾಗಿ ಸಮೇತನಹಳ್ಳಿಗೆ ಬಂದು ನಾಲ್ಕು ವರ್ಷವಾಗಿತ್ತು. ಯುದ್ಧ ನಡೆಯುತ್ತಿದ್ದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕಂತೆ ಎಂದು ಊರಿಗೆ ಊರೇ ಹುಳು ಸಾಕಲು ನಿಂತಿತ್ತು. ನಮ್ಮ ಮನೆಯ ಹುಳುಮನೆ ಅತ್ತೆ ಅಮ್ಮಯಮ್ಮನವರ ರಾಜ್ಯ. ಬಾಗಿಲು ಸದಾ ಮುಚ್ಚಿರುತ್ತಿತ್ತು. ಗಂಡಸರು ಸೊಪ್ಪು ತಂದು ಹೊಸಿಲಲ್ಲಿಟ್ಟು ಹೋಗಬೇಕು, ಸೊಸೆಯಾದ ನಾನು ಅತ್ತ ಸುಳಿಯಲೇಬಾರದು. ರಾಗಿ ಹೊಲದ ಮಧುರೆ ಹೋಬಳಿಯಿಂದ ಬಂದವಳಿಗೆ ರಾಗಿ ಬಿಟ್ಟರೆ ಇನ್ನೇನು ಗೊತ್ತು ಅನ್ನುವುದು ಅವರ ತೀರ್ಮಾನ.

ನನ್ನ ಪಾಲಿಗೆ ಬಂದದ್ದು ಒಲೆ. ಮುದ್ದೆ ತಿರುವುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೆ ಬೆಳಗ್ಗೆ ತಿರುವಿದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಮಗಳು ಬೆಳೆಯುತ್ತಿದ್ದಳು, ಸರಿ, ಅದು ಅರ್ಧ ದೇವರ ಕೆಲಸ. ಕೆಲಸವೆಂದು ಕೈ ಹಾಕಿದ್ದು ಕಣ್ಣೆದುರು ಬೆಳೆಯಬೇಕು, ಅದಕ್ಕೆ ನಾನೇ ಜವಾಬ್ದಾರಳಾಗಿರಬೇಕು ಎಂಬ ಆಸೆ ನನ್ನನ್ನು ಹುಚ್ಚಿನಂತೆ ಹಿಡಿದಿತ್ತು.

ಅಡುಗೆಮನೆಗೂ ಹುಳುಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಕಿವಿಯಿಟ್ಟರೆ ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು, ಒಣಹುಲ್ಲಿನ ಮೇಲೆ ತುಂತುರು ಬಿದ್ದ ಹಾಗೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತಾಗ ಸದ್ದು ನಿಲ್ಲುತ್ತದೆ, ಎದ್ದ ಮೇಲೆ ಮತ್ತೆ ಶುರು. ಒಳಗೆ ಬಿಡದಿದ್ದರೆ ಬೇಡ ಎಂದು ನಾನು ಕೇಳಿಕೇಳಿಯೇ ಕಲಿತೆ. ಆ ಬೇಸಿಗೆಯಲ್ಲಿ, ಮೂಲೆಯ ಒಲೆಯ ಹೊಗೆ ಮನೆಯೆಲ್ಲ ಸುತ್ತುತ್ತದೆ ಎಂದು ನೆಪ ಹೇಳಿ, ಆ ಗೋಡೆಗೇ ಒತ್ತಿ ಹೊಸ ಒಲೆ ಹಾಕಿಕೊಂಡೆ. ಹುರುಳಿ ಬೇಯಿಸುತ್ತಲೇ ಕೇಳಬಹುದಲ್ಲ.

ನಾಲ್ಕನೇ ಜ್ವರದಿಂದ ಎದ್ದ ಮೂರನೇ ದಿನ ಸದ್ದು ಇಳಿಯಿತು. ಹುಳು ಎಡೆಬಿಡದೆ ಮುಕ್ಕಬೇಕಾದ ಹೊತ್ತು ಅದು. ಹೊರಬಂದ ಅತ್ತೆಯ ಮುಖ ಕಪ್ಪಿಟ್ಟಿತ್ತು. ಗೋಡೆ ಬದಿಯ ತಟ್ಟೆಗಳಲ್ಲಿ ಹುಳು ಸೊಪ್ಪು ಮುಟ್ಟದೆ ಬಿದ್ದಿವೆಯಂತೆ. ಹಿಂದಿನ ದಿನ ಪಕ್ಕದ ಮನೆಯ ಮುತ್ತಮ್ಮ ಮಜ್ಜಿಗೆಗೆ ಬಂದವಳು, ಅತ್ತೆ ಬಾಗಿಲು ತೆರೆದ ಹೊತ್ತಿಗೆ ಹುಳುಮನೆಯೊಳಗೆ ಇಣುಕಿದ್ದಳು. ಅವಳ ಕಣ್ಣೇ ಬಿದ್ದದ್ದು ಎಂದು ಅತ್ತೆ ಸೆರಗು ಬಿಗಿದು ಜಗಳಕ್ಕೆ ಹೊರಟರು.

ನಾನು ಮತ್ತೊಮ್ಮೆ ಕೇಳೋಣವೆಂದು ಗೋಡೆಗೆ ಕೈಯಿಟ್ಟೆ. ಸುಡುತ್ತಿತ್ತು. ಹುಳುಗಳನ್ನು ಬೇಯಿಸುತ್ತಿದ್ದದ್ದು ನನ್ನ ಒಲೆ.

ಸುಮ್ಮನೆ ಬೆಂಕಿ ಆರಿಸಿ ಒಲೆ ಕಿತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಆ ಬಾಗಿಲು ನನಗೆ ಜನ್ಮಕ್ಕೂ ತೆರೆಯುವುದಿಲ್ಲ. ಆದರೆ ಕಣ್ಣು ಕೆಟ್ಟದ್ದೆಂದು ಒಮ್ಮೆ ಹೆಸರು ಬಿದ್ದ ಹೆಂಗಸನ್ನು ಊರಲ್ಲಿ ಯಾರೂ ಹೊಸಿಲು ದಾಟಿಸುವುದಿಲ್ಲ. ನನ್ನ ಮೇಲೆ ನನಗೇ ಎಲ್ಲಿಲ್ಲದ ಸಿಟ್ಟು ಬಂತು. ಹಾರೆ ತೆಗೆದುಕೊಂಡು ಒಲೆ ಒಡೆದು ಹಾಕಿ, ಬೀದಿಗೆ ಓಡಿ ಅತ್ತೆಯ ಕೈ ಹಿಡಿದೆ.

"ಮುತ್ತಮ್ಮಕ್ಕಂದು ಏನೂ ತಪ್ಪಿಲ್ಲ ಅತ್ತೆ. ನನ್ನ ಒಲೆ ಕಾವು ಅದು. ಹುಳ ತಿನ್ನೋದು ಕೇಳ್ಬೇಕು ಅಂತ ಗೋಡೆಗೆ ಒತ್ತಿ ಹಾಕಿದ್ದೆ."

ಅತ್ತೆ ಬಂದು ಗೋಡೆ ಮುಟ್ಟಿ ನೋಡಿದರು. ಆಮೇಲೆ ನನ್ನ ತವರಿನವರನ್ನೂ ಬಿಡದೆ ಬೈದರು. ಬೈಯುತ್ತಲೇ ತಟ್ಟೆಗಳನ್ನು ಸರಿಸಿದರು, ಎಂದೂ ತೆಗೆಯದ ಕಿಟಕಿಯನ್ನೂ ತೆಗೆದರು. ಒಂದಷ್ಟು ಹುಳು ಸತ್ತವು. ನನಗೆ ಅನ್ನ ಸೇರಲಿಲ್ಲ.

ಮರುದಿನ ಮಧ್ಯಾಹ್ನ ಅವರು ಅಡುಗೆಮನೆಗೆ ಬಂದು, ಯಾರಾದರೂ ಇದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿ, ಹುಳು ತಿನ್ನುತ್ತಿವೆಯಾ ಎಂದು ಕೇಳಿದರು. ನಾನು ಗೋಡೆಗೆ ಕಿವಿಯಿಟ್ಟೆ. ಬಾಗಿಲ ಕಡೆಯವು ಜೋರಾಗಿ ತಿನ್ನುತ್ತಿವೆ, ಈ ಬದಿಯವು ಇನ್ನೂ ನಿಧಾನ ಎಂದೆ. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತರು.

"ನಂಗೆ ಸಣ್ಣ ಸದ್ದೆಲ್ಲ ಹೋಯ್ತು ಕಣೇ. ನೀನು ಈ ಮನೆಗೆ ಬರೋ ಹೊತ್ತಿಗೇ ಕಮ್ಮಿಯಾಗಿತ್ತು, ಎರಡು ಬೆಳೆಯಿಂದ ಏನೂ ಕೇಳ್ತಿಲ್ಲ. ಗೊತ್ತಾದ್ರೆ ಹುಳುಮನೆ ಬಿಡಿಸ್ಬಿಡ್ತಾರೆ ಅಂತ ಯಾರ್ನೂ ಒಳಗೆ ಬಿಟ್ಟಿಲ್ಲ."

ನನ್ನದೇ ಆಸೆ, ನನ್ನದೇ ಭಯ ಆ ಮುದುಕಿಯ ಬಾಯಲ್ಲಿ ಕೇಳಿದಾಗ ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ. ಬಿಡಿಸುವವರು ಯಾರೂ ಇಲ್ಲ, ಕಿವಿ ನಾನಿದ್ದೀನಿ ಎಂದೆ. ಅವರು ಎದ್ದು ನನ್ನ ಮೊಣಕೈ ಹಿಡಿದು ಹುಳುಮನೆಯೊಳಗೆ ಕರೆದುಕೊಂಡು ಹೋದರು.

ಅಂದು ಮೊದಲ ಸಲ ನನ್ನ ಕೈಯಿಂದಲೇ ಸೊಪ್ಪು ಹಾಕಿದೆ. ಬೆರಳಿನುದ್ದದ ಬಿಳಿ ಹುಳುಗಳು ಒಂದೊಂದಾಗಿ ತಲೆಯೆತ್ತಿದವು. ನಿಧಾನವಾಗಿ ಆ ಬದಿಯಿಂದಲೂ ಸದ್ದು ಎದ್ದಿತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

"ತಿಂತಾವೆ ಅತ್ತೆ" ಎಂದೆ, ಅವರಿಗೆ ಕೇಳುವಷ್ಟು ಜೋರಾಗಿ.