ಬಿದ್ದೋದ ಅಂದರೆ

ಫಿಲಡೆಲ್ಫಿಯಾದ ಕೆನ್ಸಿಂಗ್ಟನ್‌ನಲ್ಲಿ, ತಲೆಯ ಮೇಲೆ ರೈಲು ಓಡುವ ಬೀದಿಗೆ ಹತ್ತಿರದ ಆಸ್ಪತ್ರೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ನರ್ಸ್. ಒಡೆಟ್ಟಾ ಗ್ರೈಮ್ಸ್ ನಮ್ಮಲ್ಲಿಗೆ ಮೊದಲು ಬಂದದ್ದು ಸ್ಟ್ರೆಚರ್ ಮೇಲೆ, ಉಸಿರಿಲ್ಲದೆ. ಆಮೇಲೂ ನಾಲ್ಕು ಸಲ ಹಾಗೆಯೇ ಬಂದಳು. ಐದನೆಯ ಸಲದ ನಂತರ ಹೆರಾಯಿನ್ ಬಿಟ್ಟಳು. ಬಿಟ್ಟು ಒಂಬತ್ತು ವರ್ಷವಾದ ಮೇಲೆ, ಐವತ್ತೆಂಟರ ವಯಸ್ಸಿನಲ್ಲಿ, ನಶೆಗೆ ಬಿದ್ದು ಬರುವವರ ಜೊತೆ ಮಾತಾಡುವ ಕೆಲಸಕ್ಕೆ ಸೇರಿ ಮುಂಬಾಗಿಲಿನಿಂದ ನಡೆದು ಬಂದಳು.

ಅದೇ ತಿಂಗಳು ಸೇರಿದ ಡಾಕ್ಟರ್ ವಿಟ್ಕೂಂಬ್ ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ಬೆಳೆದವನು. ಬೀದಿಯವರು ಮಾದಕ ವಸ್ತುಗಳಿಗೆ ಬಳಸುವ ಗುಪ್ತ ಮಾತುಗಳ ಪುಸ್ತಕವೊಂದನ್ನು ಎಲ್ಲಿಂದಲೋ ತಂದು, ಪರೀಕ್ಷೆಗೆ ಓದಿದ ಹಾಗೆ ಓದಿದ್ದ.

"ಸಾವಿರದಿನ್ನೂರು ಮಾತಿದೆ ಮಿಸ್ ಒಡೆಟ್ಟಾ. ಎಲ್ಲಾ ಬಾಯಿಪಾಠ," ಎಂದ.

ಒಡೆಟ್ಟಾ ಕನ್ನಡಕ ಏರಿಸಿ ಹಾಳೆ ತಿರುವಿದಳು. "ಇದರಲ್ಲಿ ಅರ್ಧ ಮಾತು ಆಡ್ತಿದ್ದೋರು ನಾನು ಲಂಗ ಹಾಕೋ ಕಾಲಕ್ಕೇ ಸತ್ತೋದ್ರು ಮಗಾ. 'ಹುಡುಗ' ಅಂದ್ರೆ ಹೆರಾಯಿನ್, 'ಹುಡುಗಿ' ಅಂದ್ರೆ ಕೊಕೇನ್. ಅದು ಸರಿಯಾಗಿದೆ. 'ಹುಷಾರಿಲ್ಲ' ಎಲ್ಲಿ?"

"ಅದು ಮಾಮೂಲಿ ಮಾತಲ್ವಾ?"

"ನಿಮಗೆ ಮಾಮೂಲಿ. ನಮ್ಮೋರು 'ಹುಷಾರಿಲ್ಲ' ಅಂದ್ರೆ ಜ್ವರ ಅಲ್ಲ, ಮಾಲು ಸಿಗದೆ ಮೈ ಹಿಂಡ್ತಿದೆ ಅಂತ. 'ಹುಷಾರಾಗ್ಬೇಕು' ಅಂದ್ರೆ ಚುಚ್ಕೊಳ್ಳೋಕೆ ಹೊರಟ ಅಂತ. ನೀವು 'ಹುಷಾರಾಗು' ಅಂತ ಬೆನ್ನು ತಟ್ಟಿ ಕಳಿಸ್ತೀರ!"

ನಾವೆಲ್ಲ ನಕ್ಕೆವು. ವಿಟ್ಕೂಂಬ್ ಕೆಂಪಾಗಿ ಪುಸ್ತಕ ಜೇಬಿಗಿಟ್ಟುಕೊಂಡ. ಆ ಮಾತನ್ನು ಆತ ಗಂಭೀರವಾಗಿ ತೆಗೆದುಕೊಂಡಂತೆ ಕಾಣಲಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಯೆಸೇನಿಯಾ ಎಂಬ ಹೆಂಗಸು ಅಪರಿಚಿತರೊಬ್ಬರ ಕಾರಿನಲ್ಲಿ ತನ್ನ ಅಣ್ಣನನ್ನು ಹಾಕಿಕೊಂಡು ಬಂದಳು. ನಲವತ್ತು ದಾಟಿದ ಆಳು. ಹಣೆ ಒಡೆದು ರಕ್ತ ಇಳಿದಿತ್ತು, ಕಣ್ಣುಗಳೆರಡೂ ಊದಿ ಮುಚ್ಚಿದ್ದವು.

"ಬಿದ್ದೋದ! ಸ್ಟೇಷನ್ ಮೆಟ್ಟಿಲ ಹತ್ರ ಬಿದ್ದೋದ!" ಎಂದು ಅವಳು ಕಿರುಚುತ್ತಿದ್ದಳು.

ವಿಟ್ಕೂಂಬ್ ತಡಮಾಡಲಿಲ್ಲ. "ಮೆಟ್ಟಿಲಿಂದ ಬಿದ್ದಿದಾನೆ. ಕತ್ತಿಗೆ ಪಟ್ಟಿ ಹಾಕಿ, ತಲೆ ಸ್ಕ್ಯಾನಿಗೆ ನಡೀರಿ."

ನಾನೂ ಹಾಗೆಯೇ ಅಂದುಕೊಂಡೆ. ಹತ್ತೊಂಬತ್ತು ವರ್ಷದ ಅನುಭವ ಇಟ್ಟುಕೊಂಡೂ ರಕ್ತವನ್ನೇ ನೋಡಿದೆ. ಸ್ಟ್ರೆಚರ್ ಹೊರಟಿತ್ತು. ಒಡೆಟ್ಟಾ ಅದಕ್ಕೆ ಅಡ್ಡ ನಿಂತಳು.

"ನಿಲ್ಸಿ. ಅವಳು ಹೇಳ್ತಿರೋದು ಮೆಟ್ಟಿಲಿಂದ ಜಾರಿದ ಅಂತಲ್ಲ. 'ಬಿದ್ದೋದ' ಅಂದ್ರೆ ಡೋಸ್ ಜಾಸ್ತಿಯಾಗಿ ಉಸಿರು ಹೋಗ್ತಿದೆ ಅಂತ. ಬಿದ್ದಿದ್ದು ಆಮೇಲೆ!"

"ತಲೆಗೆ ಏಟು ಕಣ್ಣಿಗೆ ಕಾಣ್ತಿದೆ ಮಿಸ್ ಒಡೆಟ್ಟಾ, ದಾರಿ ಬಿಡಿ."

"ಎದೆ ನೋಡು ಮಗಾ! ಉಸಿರು ಎಣಿಸು!"

ನಾನು ಎಣಿಸಿದೆ. ಒಂದು ನಿಮಿಷಕ್ಕೆ ನಾಲ್ಕೇ ಉಸಿರು. ಊದಿದ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿದೆ, ಹೆರಾಯಿನ್ ಏರಿದವರ ಹಾಗೆ ಪಾಪೆ ಸೂಜಿಮೊನೆಯಷ್ಟಾಗಿತ್ತು. ವಿಟ್ಕೂಂಬ್‌ನ ಮುಖ ಬಿಳಿಚಿತು. ಕೂಡಲೇ ರೋಗಿಯ ಮುಖಕ್ಕೆ ಗಾಳಿಚೀಲ ಒತ್ತಿ, ನಶೆ ಇಳಿಸುವ ಮದ್ದು ಕೊಟ್ಟ. ಸ್ವಲ್ಪ ಹೊತ್ತಿಗೆ ಎದೆ ತಾನಾಗಿಯೇ ಏರತೊಡಗಿತು. ಆದರೂ ಆಳು ಕಣ್ಣು ಬಿಡಲಿಲ್ಲ.

"ಏಳ್ತಿಲ್ಲ. ಇನ್ನೊಂದು ಡೋಸ್ ಕೊಡಿ," ಎಂದ ವಿಟ್ಕೂಂಬ್.

ಒಡೆಟ್ಟಾ ಅಷ್ಟರಲ್ಲಿ ಯೆಸೇನಿಯಾಳ ಎರಡೂ ಕೈ ಹಿಡಿದು ಕೂತಿದ್ದಳು. "ಪೊಲೀಸ್ನೋಳಲ್ಲಮ್ಮ ನಾನು. ಐದು ಸಲ ಇಲ್ಲೇ ಬಿದ್ದೋಗಿ ಎದ್ದೋಳು. ಬರೀ ಹುಡುಗನಾ, ಇಲ್ಲಾ ಟ್ರ್ಯಾಂಕಾ?"

"ಟ್ರ್ಯಾಂಕ್," ಎಂದಳು ಯೆಸೇನಿಯಾ ಬಿಕ್ಕುತ್ತ. "ಬೇಡ ಅಂದೆ ಅಕ್ಕಾ, ಕೇಳ್ಲಿಲ್ಲ."

"ದನ, ಕುದುರೆಗೆ ಮಂಪರು ಬರಿಸೋ ಮದ್ದು ಬೆರೆಸಿದಾರೆ ಡಾಕ್ಟ್ರೇ! ಅದಕ್ಕೆ ನಿಮ್ಮ ಔಷಧಿ ಹತ್ತು ಕೊಟ್ರೂ ಏಳಲ್ಲ. ಉಸಿರು ಆಡ್ತಿದೆಯಾ? ಹಾಗಿದ್ರೆ ಮಲಗ್ಲಿ ಬಿಡಿ, ಎದೆ ಮೇಲೆ ಕಣ್ಣಿಟ್ಟಿರಿ."

ವಿಟ್ಕೂಂಬ್ ಸಿರಿಂಜ್ ಹಿಡಿದ ಕೈ ಕೆಳಗಿಳಿಸಿದ. "ಸರಿ. ಈಗ ಸ್ಕ್ಯಾನ್ ಮಾಡ್ಸೋಣ. ನೀವು ನನ್ನ ಜೊತೆಗೇ ಇರಿ."

ತಲೆಯೊಳಗೆ ಏನೂ ಆಗಿರಲಿಲ್ಲ. ಮೂರು ಗಂಟೆಯ ನಂತರ ರೋಗಿ ಎದ್ದು, ತನ್ನ ಬೂಟುಗಳನ್ನು ಯಾರು ಕದ್ದರೆಂದು ಬೈಯತೊಡಗಿದ. ಯೆಸೇನಿಯಾ ಅಳುತ್ತಲೇ ಅವನ ಭುಜಕ್ಕೊಂದು ಗುದ್ದಿದಳು.

ಮರುವಾರ ಆಸ್ಪತ್ರೆಯ ಮುಖ್ಯಸ್ಥೆ ಎಲ್ಲ ವೈದ್ಯರನ್ನೂ ಸಭಾಂಗಣಕ್ಕೆ ಕರೆಸಿದಳು. ಪಾಠ ಮಾಡಿದವಳು ಒಡೆಟ್ಟಾ. ಹಳದಿ ಕೋಟು ತೊಟ್ಟು, ತುಟಿಗೆ ರಂಗು ಹಚ್ಚಿ ಬಂದಿದ್ದಳು. ಹಲಗೆಯ ಮೇಲೆ ಬರೆದದ್ದು ಹದಿನೇಳೇ ಮಾತು. ಒಂದೊಂದರ ಅರ್ಥ, ಯಾರು ಯಾರಿಗೆ ಹೇಳುತ್ತಾರೆ, ಯಾವ ಬೀದಿ ದಾಟಿದರೆ ಅರ್ಥ ಬದಲಾಗುತ್ತದೆ, ಎಲ್ಲ ಬಿಡಿಸಿ ಹೇಳಿದಳು.

ಹಿರಿಯ ಸರ್ಜನ್ ಒಬ್ಬರು ಕೈ ಎತ್ತಿದರು. "ಹಾಗಾದ್ರೆ ರೋಗಿಗಳ ಹತ್ರ ನಾವೂ ಹೀಗೇ ಮಾತಾಡ್ಬೇಕಾ?"

"ಅಯ್ಯೋ, ಬೇಡಪ್ಪಾ! ನಿಮ್ಮ ಬಾಯಲ್ಲಿ ಅದು ಕೇಳಿದ್ರೆ ನಗ್ತಾರೆ, ಇಲ್ಲಾ ಎದ್ದು ಓಡ್ತಾರೆ. ಇದು ಆಡೋಕಲ್ಲ, ಕೇಳಿಸ್ಕೊಳ್ಳೋಕೆ. ಗೊತ್ತಾಗ್ಲಿಲ್ವಾ? 'ಹಾಗಂದ್ರೇನು?' ಅಂತ ಕೇಳಿ. ನಾನು ಚುಚ್ಕೊಳ್ತಿದ್ದ ಹದಿನಾಲ್ಕು ವರ್ಷ ನನ್ನನ್ನ ಯಾರೂ ಕೇಳ್ಲಿಲ್ಲ."

ಮೊದಲು ಎದ್ದು ಚಪ್ಪಾಳೆ ತಟ್ಟಿದವನು ವಿಟ್ಕೂಂಬ್. ಅವನ ಹಿಂದೆ ಎಲ್ಲರೂ ಎದ್ದರು. ಒಡೆಟ್ಟಾ ತಲೆ ಬಗ್ಗಿಸಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಆ ಚಪ್ಪಾಳೆ ಪೂರ್ತಿ ಮುಗಿಯುವವರೆಗೂ ನಗುತ್ತ ನಿಂತು ಕೇಳಿದಳು.