ಎಲ್ಲರಿಗಿಂತ ಜಾಣ ಹಸು

ರಗ್ನಿ ಮಗಳ ಬುತ್ತಿಗೆಂದು ಕಂದು ಚೀಸನ್ನು ತೆಳ್ಳಗೆ ಹೆರೆಯುತ್ತಿದ್ದಳು. ಒಂದು ಬ್ರೆಡ್ಡು ಮುಚ್ಚಿಯಾಗಿತ್ತು, ಇನ್ನೊಂದು ತೆರೆದೇ ಇತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಬೇಲಿ ಇಲ್ಲ," ಎಂದ ಓದ್ವಾರ್. ವಿಶ್ವವಿದ್ಯಾಲಯದ ಹಟ್ಟಿ ನೋಡಿಕೊಳ್ಳುವವನು. ಪೀಠಿಕೆ ಹಾಕಿ ಮಾತಾಡುವ ಪೈಕಿಯಲ್ಲ.

"ಯಾವ ಬೇಲಿ?"

"ಹುಲ್ಲುಗಾವಲಿಂದು. ನಿನ್ನೆ ಸಂಜೆ ಎಸ್ಪೆನ್ ಬಂದು ಕೀಳಿಸಿ ಸುತ್ತಿಡಿಸಿದಾನೆ. ಫೋಟೋದಲ್ಲಿ ಬೇಲಿ ಕಾಣಬಾರದಂತೆ. ಹೇಳ್ಬೇಕು ಅನ್ನಿಸ್ತು, ಹೇಳಿದೆ. ಇನ್ನು ನಿನ್ನ ಇಷ್ಟ."

ರಗ್ನಿ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟಳು. ಏಳು ವರ್ಷದ ಇಡುನ್ ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಅಮ್ಮನ ಅಂಗಿ ಜಗ್ಗಿ, ಅವಳ ಕಿವಿಯನ್ನು ತನ್ನ ಬಾಯಿಯ ಮಟ್ಟಕ್ಕೆ ಇಳಿಸಿಕೊಂಡು ಪಿಸುಗುಟ್ಟಿದಳು. "ಇವತ್ತು ಹಸು ಬಿಡಲ್ವಾ?"

"ಬಿಡ್ತೀವಿ ಪುಟ್ಟಿ. ಬೂಟು ಹಾಕ್ಕೋ, ಸ್ವಲ್ಪ ಬೇಗ ಹೋಗೋಣ."

ಇಡುನ್‌ಗೆ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ಆದರೆ ಎಲ್ಲವೂ ಅಮ್ಮನ ಕಿವಿಗೇ. ಅಂಗಡಿಯಲ್ಲಾಗಲಿ, ಹಲ್ಲಿನ ಡಾಕ್ಟರ ಹತ್ತಿರವಾಗಲಿ, ಅವಳು ಪಿಸುಗುಟ್ಟುವಳು, ಅಮ್ಮ ಅದನ್ನು ಜೋರಾಗಿ ಕೇಳಬೇಕು. ಶಾಲೆಯವರು ಚಿಂತೆ ಮಾಡುತ್ತಿದ್ದರು. ರಗ್ನಿ ಮಾತ್ರ ಅವಸರ ಮಾಡಿದವಳಲ್ಲ. ಮಾತು ಹಣ್ಣಾದಾಗ ಬೀಳುತ್ತದೆ ಎಂದುಕೊಂಡಿದ್ದಳು.

ಚಳಿಗಾಲವಿಡೀ ಹಟ್ಟಿಯೊಳಗಿದ್ದ ಹಸುಗಳನ್ನು ಮೇ ತಿಂಗಳ ಒಂದು ಶನಿವಾರ ಹೊರಗೆ ಬಿಡುವುದು ಅಲ್ಲಿನ ವಾಡಿಕೆ. ಕೂಸುಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಊರಿಗೆ ಊರೇ ಕ್ಯಾಂಪಸ್ಸಿಗೆ ಬರುತ್ತದೆ. ಬಾಗಿಲು ತೆರೆದದ್ದೇ ತಡ, ಅಷ್ಟು ದೊಡ್ಡ ಮೈಯ ಹಸುಗಳು ಹಿಂಗಾಲು ಝಾಡಿಸುತ್ತ ಕರುಗಳ ಹಾಗೆ ನೆಗೆಯುತ್ತವೆ. ದೊಡ್ಡವರೂ ಚಪ್ಪಾಳೆ ತಟ್ಟುತ್ತಾರೆ.

ಈ ಸಲ ವಿಭಾಗದ ಮುಖ್ಯಸ್ಥ ಎಸ್ಪೆನ್ ಹೊಸದೊಂದನ್ನು ತೋರಿಸಲು ಹೊರಟಿದ್ದ. ತಂತಿಯೂ ಇಲ್ಲದ, ಗೂಟವೂ ಇಲ್ಲದ ಬೇಲಿ. ಫೋನಿನ ನಕ್ಷೆಯ ಮೇಲೆ ಬೆರಳಿನಿಂದ ಗೆರೆ ಎಳೆದರಾಯಿತು. ಹಸು ಆ ಗೆರೆಯ ಹತ್ತಿರ ಬಂದರೆ ಅದರ ಕೊರಳಪಟ್ಟಿ ಸಣ್ಣಗೆ ಹಾಡುತ್ತದೆ, ಇನ್ನೂ ಮುಂದೆ ಹೋದರೆ ಸ್ವರ ಏರುತ್ತದೆ, ಕೊನೆಗೆ ಚುರುಕ್ಕೆಂದು ಕರೆಂಟು ಹೊಡೆಯುತ್ತದೆ. ಹಿಂದಕ್ಕೆ ತಿರುಗಿದರೆ ಹಾಡು ನಿಲ್ಲುತ್ತದೆ ಎಂಬುದನ್ನು ಹಸು ಕಲಿಯಬೇಕು. ಹನ್ನೆರಡು ಹಸುಗಳಿಗೆ ಪಾಠ ನಡೆದಿತ್ತು.

ರಗ್ನಿಗೆ ಪಟ್ಟಿಯ ಮೇಲೆ ಹಗೆಯೇನಿರಲಿಲ್ಲ. ಅವಳು ಹುಟ್ಟಿದ್ದು ಗೂಟ ನೆಡಲಾಗದ ಬಂಡೆಗಳ ಊರಿನಲ್ಲಿ, ಆಡು ಮೇಯಿಸುವವರ ಮನೆಯಲ್ಲಿ. ಈ ಸಂಶೋಧನೆಯನ್ನು ಕೇಳಿ ತೆಗೆದುಕೊಂಡವಳೇ ಅವಳು. ಪ್ರಯೋಗದ ಪ್ರಾಣಿಗಳ ಹೊಣೆಯೂ ಅವಳದೇ. ಅವಳ ತಕರಾರಿದ್ದದ್ದು ಫಾಗರ್ಲಿನ್ ಎಂಬ ಹಸುವಿನ ವಿಷಯದಲ್ಲಿ.

ಪಾಠ ನಡೆದದ್ದು ಹಟ್ಟಿಯ ಹಿಂದಿನ ಅಂಗಳದಲ್ಲಿ. ತಗಡಿನ ಮಾಡಿನ ಹತ್ತಿರ ಹಸು ಎಲ್ಲಿದೆಯೆಂದು ಪಟ್ಟಿಗೆ ತಿಳಿಸುವ ಉಪಗ್ರಹದ ಲೆಕ್ಕ ತಪ್ಪುತ್ತದೆ. ಗೆರೆ ಅಷ್ಟು ದೂರದಲ್ಲಿದ್ದರೂ ಫಾಗರ್ಲಿನ್‌ಳ ಪಟ್ಟಿ ಬಾಗಿಲಲ್ಲೇ ಹಾಡತೊಡಗಿತ್ತು. ಅವಳು ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು, ಹಾಡು ನಿಲ್ಲಲಿಲ್ಲ. ಹೊಡೆತ ಬಿತ್ತು. ಹಾಗೆ ಮೂರ್ನಾಲ್ಕು ಸಲ. ಆಮೇಲೆ ಅವಳು ಗೋಡೆಯ ಮೂಲೆ ಹಿಡಿದು ನಿಂತುಬಿಟ್ಟಳು. ನೀರಿನ ತೊಟ್ಟಿಗೂ ಹೋಗಲಿಲ್ಲ. ಓದ್ವಾರ್ ಬಕೆಟ್ಟಿನಲ್ಲಿ ನೀರು ಒಯ್ದು ಕುಡಿಸಬೇಕಾಯಿತು. ಹೊಡೆತ ಎಣಿಸುವ ಯಂತ್ರ ಮಾತ್ರ ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟಿತು, ಆಮೇಲೆ ಒಂದು ಹೊಡೆತವನ್ನೂ ತಿಂದಿಲ್ಲವೆಂದು.

"ನಿಂತ ಹಸೂಗೆ ಹೊಡೆತ ಬೀಳೋದಾದ್ರೂ ಹೇಗೆ?" ಎಂದು ರಗ್ನಿ ಸಭೆಯಲ್ಲಿ ಕೇಳಿದ್ದಳು.

"ಅದು ಒಂದೇ ಹಸು, ರಗ್ನಿ. ಒಂದು ಹಸುವಿಂದ ಏನೂ ಸಾಬೀತಾಗಲ್ಲ," ಎಂದಿದ್ದ ಎಸ್ಪೆನ್. ಮರುವಾರ ಅದೇ ಒಂದು ಹಸುವಿನ ಮುಖವನ್ನು ಆಹ್ವಾನದ ಚಿತ್ರದಲ್ಲಿ ಹಾಕಿಸಿದ್ದ.

ಅಮ್ಮ ಮಗಳು ಹಟ್ಟಿ ತಲುಪುವಾಗ ಹಸುಗಳಿಗೆ ಆಗಲೇ ಹುಲ್ಲಿನ ವಾಸನೆ ಹತ್ತಿತ್ತು. ಬಾಗಿಲ ಸಂದಿಗೆ ಮೂಗು ಚಾಚಿ ಒಂದನ್ನೊಂದು ತಳ್ಳುತ್ತಿದ್ದವು. ಅವು ಇವತ್ತು ಹಾಡನ್ನೂ ಕೇಳುವುದಿಲ್ಲ, ಗೆರೆಯನ್ನೂ ನೋಡುವುದಿಲ್ಲ, ಓಡುತ್ತವೆ ಅಷ್ಟೆ. ಓಡಿದ ಸಂತೋಷಕ್ಕೆ ಹೊಡೆತ ತಿನ್ನುತ್ತವೆ. ವರ್ಷದ ಇಷ್ಟೆಲ್ಲ ದಿನಗಳನ್ನು ಬಿಟ್ಟು ಹಸು ಹುಚ್ಚೆದ್ದು ಕುಣಿಯುವ ಒಂದೇ ದಿನವನ್ನು ಇಷ್ಟು ಓದಿದವರು ಆರಿಸಿಕೊಂಡಿದ್ದರು, ಜನ ಸೇರುತ್ತಾರೆಂಬ ಒಂದೇ ಕಾರಣಕ್ಕೆ.

ರಗ್ನಿ ಮೊದಲನೆಯ ಹಸುವಿನ ಕೊರಳಿಗೆ ಕೈಹಾಕಿ ಪಟ್ಟಿಯ ಕೊಂಡಿ ಬಿಚ್ಚಿದಳು.

"ನಾನೇನೂ ನೋಡಿಲ್ಲಪ್ಪ," ಎಂದ ಓದ್ವಾರ್.

"ನೋಡು. ಚೆನ್ನಾಗಿ ನೋಡು. ಕೇಳಿದ್ರೆ ನಾನೇ ಬಿಚ್ಚಿದೆ ಅಂತ ಹೇಳು."

"ಕೆಲಸ ಹೋದ್ರೆ ನಮ್ಮಲ್ಲಿಗೆ ಬಾ. ಸಗಣಿ ಬಾಚೋಕೆ ಜನ ಸಿಗ್ತಿಲ್ಲ," ಎಂದು ನಗುತ್ತ ಅವನು ಗೂಟಗಳ ಕಟ್ಟನ್ನು ಹೆಗಲಿಗೇರಿಸಿದ. ಹನ್ನೆರಡು ಕೊರಳು ಖಾಲಿಯಾದ ಮೇಲೆ ರಗ್ನಿಯೂ ಹೊರಗೆ ಬಂದು ಅವನ ಹಿಂದೆ ಬೇಲಿಯ ಬಿಳಿಯ ಕರೆಂಟಿನ ದಾರವನ್ನು ಬಿಚ್ಚುತ್ತ ನಡೆದಳು. ಇಡುನ್ ಗೂಟಗೂಟಕ್ಕೂ ಅದನ್ನು ಸಿಕ್ಕಿಸುತ್ತ ಬಂದಳು.

ಎಸ್ಪೆನ್ ಬರುವಾಗ ಬೇಲಿ ಮುಗಿಯುತ್ತ ಬಂದಿತ್ತು. ಒಳ್ಳೆಯ ಉಣ್ಣೆಯ ಅಂಗಿ ತೊಟ್ಟಿದ್ದ. ಅವನ ಹಿಂದೆ ದೂರದಲ್ಲಿ ಕೊರಳಪಟ್ಟಿ ತಯಾರಿಸುವ ಕಂಪನಿಯವರು ದೋಸೆಯಂಥ ವಾಫಲ್ ತಿನ್ನುತ್ತ ನಿಂತಿದ್ದರು.

"ಏನಿದು?"

"ಬೇಲಿ."

"ಅದು ಕಾಣ್ತಿದೆ. ಯಾರು ಹಾಕು ಅಂದ್ರು?"

"ಯಾರೂ ಅನ್ನಲಿಲ್ಲ. ಪ್ರಾಣಿಗಳ ಹೊಣೆ ನನ್ನದು, ನಾನೇ ಹಾಕಿದೆ. ಪಟ್ಟಿಗಳನ್ನ ಬಿಚ್ಚಿದೀನಿ. ಅಲ್ಲಿ ಡಬ್ಬದಲ್ಲಿವೆ."

ಎಸ್ಪೆನ್ ದನಿ ತಗ್ಗಿಸಿದ. "ರಗ್ನಿ, ಈಗ ಹೋಗಿ ತಿರುಗಿ ಹಾಕು. ಯಾರಿಗೂ ಗೊತ್ತಾಗಲ್ಲ. ನಾನೂ ಮರೆತುಬಿಡ್ತೀನಿ."

"ನಾನು ಮರೆಯಲ್ಲ. ಹಾಕಲ್ಲ."

"ನಿನ್ನ ಕೆಲಸ ಕಾಯಂ ಮಾಡೋ ಮಾತು ಸೆಪ್ಟೆಂಬರಿನಲ್ಲಿ ಸಮಿತಿ ಮುಂದೆ ಬರುತ್ತೆ. ಗೊತ್ತಲ್ಲ?"

"ಗೊತ್ತು. ಅಲ್ಲಿ ಹೇಳು, ಹಸುಗಳ ಕೊರಳಿಂದ ಪಟ್ಟಿ ಬಿಚ್ಚಿದಳು ಅಂತ. ಯಾಕೆ ಬಿಚ್ಚಿದೆ ಅಂತ ನಾನು ಹೇಳ್ತೀನಿ. ಮೂಲೆ ಹಿಡಿದು ನಿಂತ ಹಸೂನ ಮೊದಲ ರ‍್ಯಾಂಕ್ ಮಾಡಿದ ಕಥೆ ಅವರೂ ಕೇಳಲಿ."

ಹೇಳುವಾಗ ಮನೆಯ ಸಾಲ, ಮಗಳ ಶಾಲೆ, ಈ ಊರು ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಆದರೂ ಬೇಲಿಯ ಕೊನೆಯ ಗೂಟವನ್ನು ಬೂಟಿನಿಂದ ಮೆಟ್ಟಿ ನೆಲಕ್ಕಿಳಿಸಿದಳು.

ಎಸ್ಪೆನ್ ಜನರತ್ತ ನೋಡಿದ. ಇನ್ನೂರು ಮುನ್ನೂರು ಮಂದಿ ಸೇರಿಯಾಗಿತ್ತು. ಈಗ ಜಗಳವಾಡಿದರೆ ನಗೆಪಾಟಲು. ಅವನು ಮೈಕು ಹಿಡಿದು, ಮುಖಕ್ಕೆ ನಗು ತಂದುಕೊಂಡು, ಸ್ವಾಗತ ಹೇಳಿದ. ಓದ್ವಾರ್ ಬಾಗಿಲು ಸರಿಸಿದ.

ಮೊದಲನೆಯದು ಒಂದು ಕ್ಷಣ ಬೆಳಕಿಗೆ ಕಣ್ಣು ಕಿರಿದು ಮಾಡಿತು, ಆಮೇಲೆ ನಾಲ್ಕೂ ಕಾಲು ಎತ್ತಿ ಹಾರಿತು. ಉಳಿದವೂ ಅದರ ಬೆನ್ನಿಗೇ ಹಾರಿದವು. ಬಾಲ ಆಕಾಶಕ್ಕೆ, ಕೆಚ್ಚಲು ಅತ್ತಿಂದಿತ್ತ, ಮಣ್ಣು ಜನರ ಮೇಲೆ. ಬಿಳಿಯ ಬೇಲಿ ಕಂಡೊಡನೆ ಹಳೆಯ ನೆನಪಿನಿಂದ ಸರ್ರನೆ ತಿರುಗಿ ಮತ್ತೆ ಓಡಿದವು. ಮಕ್ಕಳು ಕಿರುಚಿದರು. ಹನ್ನೊಂದು ಹಸುಗಳು.

ಹನ್ನೆರಡನೆಯದು ಹೊಸ್ತಿಲಲ್ಲಿ ನಿಂತಿತ್ತು. ಫಾಗರ್ಲಿನ್. ಕೊರಳು ಬರಿದಾಗಿತ್ತು, ಪಟ್ಟಿಯಿದ್ದ ಕಡೆ ರೋಮ ಮಾತ್ರ ಮಲಗಿತ್ತು. ಹೊರಗಿನ ಹುಲ್ಲಿನತ್ತ ಮೂಗು ಚಾಚಿದಳು, ಒಂದು ಗೊರಸು ಮುಂದಿಟ್ಟಳು, ಮತ್ತೆ ಎಳೆದುಕೊಂಡಳು. ಓದ್ವಾರ್ ಬೆನ್ನು ಸವರಿ "ಹೋಗವ್ವ, ಹೋಗು" ಎಂದ. ಹೋಗಲಿಲ್ಲ. ಚಪ್ಪಾಳೆ ತಾನಾಗಿ ಇಳಿಯಿತು. ತಾನು ಬಿಚ್ಚಿದ್ದು ಕೊರಳಿನ ಪಟ್ಟಿಯನ್ನು ಮಾತ್ರ ಎಂದು ರಗ್ನಿಗೆ ಈಗ ಗೊತ್ತಾಯಿತು.

ಎಸ್ಪೆನ್ ಸಿಕ್ಕ ಅವಕಾಶ ಬಿಡಲಿಲ್ಲ. "ನೋಡಿ!" ಎಂದಿತು ಮೈಕು. "ಇವಳೇ ನಮ್ಮ ಎಲ್ಲರಿಗಿಂತ ಜಾಣ ವಿದ್ಯಾರ್ಥಿನಿ. ಪಟ್ಟಿ ಇಲ್ಲದಿದ್ರೂ ಗೆರೆ ದಾಟ್ತಿಲ್ಲ. ಅಷ್ಟು ಚೆನ್ನಾಗಿ ಕಲಿತಿದಾಳೆ!"

ಕೆಲವರು ನಕ್ಕರು. ಕಂಪನಿಯವನೊಬ್ಬ ಫೋಟೋ ತೆಗೆದ. ರಗ್ನಿ ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಅಂಗಿಯ ತುದಿ ಜಗ್ಗಿತು. ಬಗ್ಗಿದಳು. ಇಡುನ್ ಕಿವಿಯಲ್ಲಿ ಹೇಳಿದಳು, ಮೂರೇ ಮಾತು.

ರಗ್ನಿ ಮಂಡಿಯೂರಿ ಮಗಳ ಕೆನ್ನೆಯ ಮಣ್ಣು ಒರೆಸಿದಳು. "ನಾನು ಕೇಳಿದ್ರೆ ಅವನು ಕೆಲಸದ ಜಗಳ ಅಂತಾನೆ, ಪುಟ್ಟಿ. ಇದು ನಿನ್ನ ಪ್ರಶ್ನೆ. ಕೇಳ್ಬೇಕು ಅನ್ನಿಸಿದ್ರೆ ಕೇಳು, ಬೇಡ ಅನ್ನಿಸಿದ್ರೆ ಬೇಡ. ನಾನಂತೂ ಇಲ್ಲೇ ಇರ್ತೀನಿ."

ಇಡುನ್ ಅಮ್ಮನನ್ನು ನೋಡಿದಳು, ಹೊಸ್ತಿಲಲ್ಲಿದ್ದ ಹಸುವನ್ನು ನೋಡಿದಳು. ಆಮೇಲೆ ಬೇಲಿಯ ಪಕ್ಕದಿಂದ ನೆಟ್ಟಗೆ ನಡೆದು ಹೋಗಿ, ಮೈಕು ಹಿಡಿದವನ ಮುಂದೆ ತಲೆಯೆತ್ತಿ ನಿಂತಳು. ಅವನು ಏನೋ ಮುದ್ದು ಮಾತು ಬರುತ್ತದೆಂದು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ಎಸ್ಪೆನ್," ಎಂದಳು. ಮೊದಲು ದನಿ ಹೊರಡಲಿಲ್ಲ, ಆಮೇಲೆ ಹೊರಟಿತು, ಇಡೀ ಹುಲ್ಲುಗಾವಲಿಗೆ ಕೇಳುವಂತೆ. "ಫಾಗರ್ಲಿನ್ ಕಲಿತಿರೋದಾ, ಹೆದರಿರೋದಾ?"